ಅಕ್ಕನನ್ನು ಕೇಳಿ

ನನ್ನ ಮೊದಲ ಮೊಮ್ಮಗಳನ್ನು ಮೊದಲು ನೋಡಿದವರು ನನ್ನ ಬೀಗಿತ್ತಿ. ಆಮೇಲೆ ಅಳಿಯ. ಆಮೇಲೆ ನಮ್ಮನೆಯವರು. ಆಮೇಲೆ ಆಸ್ಪತ್ರೆಯ ನೆಲ ಒರೆಸುತ್ತಿದ್ದ ಹೆಂಗಸು. ಐದನೆಯವಳು ನಾನು. ನರ್ಸ್ ಮಗುವನ್ನು ಹೊರಗೆ ತಂದಾಗ ನಾನು ಮೆಟ್ಟಿಲ ಮೇಲೆ ನಿಂತು, ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿಕೊಂಡು, "ಔಷಧಿ ಅಂಗಡೀಲಿ ಇರಲ್ಲ ಕಣೋ, ಪಕ್ಕದ ಚಪ್ಪಲಿ ಅಂಗಡೀಲಿ ಕೇಳು" ಎಂದು ಕೂಗುತ್ತಿದ್ದೆ.

ಇದನ್ನು ಬೀಗಿತ್ತಿ ನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಕೆಟ್ಟವರೇನಲ್ಲ. ಆದರೆ ಸಿಕ್ಕಿದ ಸಂತೋಷವನ್ನು ಒಂದೇ ಸಲ ಅನುಭವಿಸಿ ಬಿಡುವ ಪೈಕಿಯವರಲ್ಲ. "ಮಗು ಮೊದಲು ಕಣ್ಣುಬಿಟ್ಟಿದ್ದೇ ನನ್ನ ಮುಖ ನೋಡಿ" ಎನ್ನುತ್ತಾರೆ, ಬಂದವರ ಮುಂದೆ, ಹೋದವರ ಮುಂದೆ. ನಾನೂ ನಗುತ್ತೇನೆ.

ಅವತ್ತು ಫೋನಿನಲ್ಲಿ ಏನಿತ್ತು ಅಂತೀರಾ? ಒಂದು ಬೀಗದ ಕೈ. ನಮ್ಮದು ಲಿಫ್ಟ್ ರಿಪೇರಿ ಕಂಪನಿ. ನೂರ ನಲವತ್ತೆರಡು ಕಟ್ಟಡಗಳು, ಹದಿನಾಲ್ಕು ಮೆಕ್ಯಾನಿಕ್‌ಗಳು, ಒಂದು ಆಫೀಸು, ಆ ಆಫೀಸಿನ ಕಿಟಕಿ ಪಕ್ಕ ನಾನು. ಹನ್ನೊಂದು ವರ್ಷದಿಂದ ಅದೇ ಕಿಟಕಿ. ನನ್ನ ಹುದ್ದೆಗೆ ಕಾಗದದ ಮೇಲೆ ಮೊಳದುದ್ದದ ಹೆಸರಿದೆ. ಬಾಯಲ್ಲಿ ಮಾತ್ರ ಎಲ್ಲರಿಗೂ ಅಕ್ಕ. ನನಗಿಂತ ದೊಡ್ಡವರೂ ಅಕ್ಕ ಅನ್ನುತ್ತಾರೆ, ಮಾಲೀಕರೂ ಅನ್ನುತ್ತಾರೆ.

ನಮ್ಮ ಕೆಲಸ ಎರಡು ಕಡೆ ನಡೆಯುತ್ತದೆ. ಒಂದು ವಿಕಿ. ಅದು ಕಂಪ್ಯೂಟರಿನಲ್ಲೂ ಫೋನಿನಲ್ಲೂ ತೆರೆಯುವ ಪುಟಗಳ ಕಟ್ಟು, ಕಟ್ಟಡಕ್ಕೊಂದು ಪುಟ. ಆ ಲಿಫ್ಟಿನ ವಯಸ್ಸೆಷ್ಟು, ಮೋಟಾರ್ ರೂಮಿನ ಕೀ ಯಾರ ಹತ್ತಿರ ಇದೆ, ಹೋದ ಸಲ ಏನು ಕೆಟ್ಟಿತ್ತು, ಎಲ್ಲ ಅಲ್ಲಿರಬೇಕು. ತಂಡದವರು ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಇನ್ನೊಂದು ಚಾಟ್. ಬೆಳಿಗ್ಗೆಯಿಂದ ಸಂಜೆವರೆಗೆ ಹದಿನಾಲ್ಕು ಜನ ಅಲ್ಲೇ ಕೂಗಾಡುತ್ತಾರೆ. ವಿಕಿಯನ್ನು ಓದುವವರಿಲ್ಲ, ಚಾಟಿನಲ್ಲಿ ಕೇಳದವರಿಲ್ಲ. ಪುಟದಲ್ಲಿ ಇದ್ದದ್ದನ್ನು ಚಾಟಿಗೆ ತಂದು ಹಾಕುವುದು, ಚಾಟಿನಲ್ಲಿ ಬಂದ ಹೊಸ ವಿಷಯವನ್ನು ಪುಟಕ್ಕೆ ಏರಿಸುವುದು ನನ್ನ ಕೆಲಸ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ. ಭಾನುವಾರವೂ. ಜ್ವರ ಬಂದಾಗಲೂ.

ಇದು ಹೀಗೇ ನಡೆಯುತ್ತಿತ್ತು. ಆದರೆ ಮಗಳು ಎರಡನೆಯ ಸಲ ಬಸುರಿಯಾದಳು.

ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸುತ್ತಿ ಬಳಸಿ ಮಾತಾಡುವುದಿಲ್ಲ. ಎಂಟು ತಿಂಗಳು ತುಂಬಿದ ದಿನ ಮನೆಗೆ ಬಂದು, ಚಪ್ಪಲಿ ಬಿಚ್ಚಲು ಬಗ್ಗಲಾಗದೆ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಳು. ನಾನು ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದೆ. ಅಷ್ಟರಲ್ಲೇ ಫೋನು ಟಿಣ್ ಎಂದಿತು. ನನ್ನ ಕೈ ತಾನಾಗಿಯೇ ಆ ಕಡೆ ಹೋಯಿತು.

"ಅಮ್ಮ," ಎಂದಳು. "ಈ ಸಲ ಆಸ್ಪತ್ರೆಗೆ ನೀನು ಬರ್ತೀಯಾ, ನಿನ್ನ ಫೋನು ಬರುತ್ತಾ? ಇಬ್ಬರಲ್ಲಿ ಒಬ್ಬರೇ ಬನ್ನಿ."

"ಏನು ಮಾತಾಡ್ತೀಯೇ! ನಾನು ಬರದೆ ಇರ್ತೀನಾ?"

"ಹೋದ ಸಲಾನೂ ಬಂದಿದ್ದೆ. ನೋವು ಜಾಸ್ತಿ ಆದಾಗ ನಿನ್ನ ಕೈ ಹುಡುಕಿದೆ, ಸಿಗಲಿಲ್ಲ. ನರ್ಸ್ ಕೈ ಹಿಡ್ಕೊಂಡಿದ್ದೆ. ಪಾಪ, ಅವಳ ಕೈಗೆ ನನ್ನ ಉಗುರು ನೆಟ್ಟು ರಕ್ತ ಬಂತು."

ಇದನ್ನು ನಾಲ್ಕು ವರ್ಷ ಅವಳು ನನಗೆ ಹೇಳಿರಲಿಲ್ಲ. ಬೀಗಿತ್ತಿಯ ಮಾತು ನೂರು ಸಲ ಕೇಳಿಯೂ ತಡೆದುಕೊಂಡಿದ್ದೆ. ಇದೊಂದು ಮಾತು ಕೇಳಿ ನನಗೆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಹೋಗಿ ತಂತಿಯ ಮೇಜಿನ ಮುಂದೆ ನಿಂತೆ. ತಂತಿ ಎಂದರೆ ನಮ್ಮ ಹಳೆಯ ವೈರಿಂಗ್ ಮೆಕ್ಯಾನಿಕ್. ಇಪ್ಪತ್ತು ವರ್ಷ ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಸವೆದ ಮೇಲೆ ಆಫೀಸಿಗೆ ಬಂದು ಕುಳಿತವರು. ಕುಳಿತಲ್ಲೇ, ಐವತ್ತರ ಹತ್ತಿರದಲ್ಲಿ, ಒಂದು ಪ್ರೋಗ್ರಾಮನ್ನು ಇನ್ನೊಂದಕ್ಕೆ ಜೋಡಿಸುವ ವಿದ್ಯೆ ಕಲಿತರು. "ವೈರಿಂಗೇ ಅಕ್ಕ ಇದೂನು, ಶಾಕ್ ಹೊಡೆಯಲ್ಲ ಅಷ್ಟೇ" ಎನ್ನುತ್ತಾರೆ.

"ನನಗೊಂದು ವಾರ ರಜಾ ಬೇಕು," ಎಂದೆ. "ಫೋನು ಬಡ್ಕೋಬಾರದು. ಏನಾದ್ರೂ ಮಾಡಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಎರಡು ವರ್ಷದಿಂದ ಹೇಳ್ತಾನೇ ಇದೀನಿ. ಚಾಟಲ್ಲಿ ಪ್ರಶ್ನೆ ಬಂದ್ರೆ ವಿಕಿ ಪುಟ ತಾನೇ ಹುಡುಕಿ ಉತ್ತರ ಕೊಡೋ ಹಾಗೆ ಮಾಡಬಹುದು. ಪುಟ ತಿದ್ದಿದ್ರೆ ಚಾಟಲ್ಲಿ ತಾನೇ ಸುದ್ದಿ ಬರುತ್ತೆ. ನೀವೇ ಬೇಡ ಅಂದಿದ್ದು."

ಹೌದು, ನಾನೇ ಬೇಡ ಅಂದಿದ್ದು. ಆಗ ಏನೇನೋ ಕಾರಣ ಕೊಟ್ಟಿದ್ದೆ. ಈಗ, "ಆಯ್ತು, ಜೋಡಿಸಿ" ಎಂದೆ.

ನಾಲ್ಕು ದಿನದಲ್ಲಿ ಜೋಡಿಸಿದರು. ಚಾಟಿನಲ್ಲಿ ಹೊಸ ಹೆಸರೊಂದು ಬಂದು ಕುಳಿತಿತು. ಅಕ್ಕನ ಕೆಲಸ ಮಾಡುವವನು ತಾನೇ, ಅದಕ್ಕೆ ಮೆಕ್ಯಾನಿಕ್‌ಗಳು ಅವನಿಗೆ ತಮ್ಮ ಎಂದು ಹೆಸರಿಟ್ಟರು. ತಂತಿ ಬಹಳ ಹೆಮ್ಮೆಯಿಂದ ಇನ್ನೊಂದು ಜಾಣತನವನ್ನೂ ಸೇರಿಸಿದ್ದರು: ಉತ್ತರ ಕೊಡುವ ಪುಟದಲ್ಲಿ ಯಾರ ಹೆಸರಿದೆಯೋ ಅವರ ಫೋನಿಗೂ ತಮ್ಮ ಒಂದು ಸುದ್ದಿ ಮುಟ್ಟಿಸುತ್ತಾನೆ, ಗಮನವಿರಲಿ ಎಂದು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಮ್ಮನಿಗೆ ಚಾಲನೆ ಸಿಕ್ಕಿತು. ಒಂಬತ್ತೂ ಹತ್ತಕ್ಕೆ ಮೊದಲ ಪ್ರಶ್ನೆ ಗಡಿಬಿಡಿಯದು. ಗಡಿಬಿಡಿ ನಮ್ಮ ಅತಿ ಚುರುಕು ಮೆಕ್ಯಾನಿಕ್. ಜನ್ಮದಲ್ಲಿ ಒಂದು ಪುಟ ಪೂರ್ತಿ ಓದಿದವನಲ್ಲ. "ಬ್ಯಾಂಕ್ ಮೇಲಿನ ಬಿಲ್ಡಿಂಗ್. ಮೋಟಾರ್ ರೂಮ್ ಕೀ ಎಲ್ಲಿ?" ಎಂದು ಹಾಕಿದ. ಮೂರು ಸೆಕೆಂಡಿಗೆ ತಮ್ಮ ಉತ್ತರ ಕೊಟ್ಟ. ಕಟ್ಟಡದ ವಿಳಾಸ, ಲಿಫ್ಟಿನ ವಯಸ್ಸು, ಎಲ್ಲ ಚೆಂದವಾಗಿ ಬಂತು. ಕೊನೆಯಲ್ಲಿ: "ಕೀ ವಿಷಯ: ಅಕ್ಕನನ್ನು ಕೇಳಿ."

ನನ್ನ ಫೋನು ಟಿಣ್ ಎಂದಿತು. ತಮ್ಮನ ಸುದ್ದಿ: ನಿಮ್ಮನ್ನು ಕೇಳಲಾಗಿದೆ. ಮತ್ತೆ ಟಿಣ್. ಗಡಿಬಿಡಿಯ ಸುದ್ದಿ: ಅಕ್ಕ, ನಿಮ್ಮನ್ನ ಕೇಳೋಕೆ ಹೇಳ್ತಿದೆ.

ಒಂಬತ್ತೂವರೆಗೆ ಇನ್ನೊಂದು ಕಟ್ಟಡ. ತಮ್ಮ ಹೇಳಿದ: "ಮೂರನೇ ಮಹಡಿ ಬಾಗಿಲು ಸಿಕ್ಕಿಕೊಂಡರೆ, ಅಕ್ಕನನ್ನು ಕೇಳಿ." ಹತ್ತಕ್ಕೆ ಮತ್ತೊಂದು: "ಈ ಲಿಫ್ಟಿನ ಬ್ರೇಕಿನದು ಒಂದು ವಿಚಿತ್ರ ಇದೆ. ಅಕ್ಕನನ್ನು ಕೇಳಿ." ಮಧ್ಯಾಹ್ನದ ಹೊತ್ತಿಗೆ ನನ್ನ ಫೋನು ಐವತ್ತಮೂರು ಸಲ ಬಡಿದುಕೊಂಡಿತ್ತು. ಮೊದಲು ದಿನವಿಡೀ ಇಪ್ಪತ್ತೈದು ಬರುತ್ತಿದ್ದುದು ಈಗ ಅರ್ಧ ದಿನಕ್ಕೇ ಇಮ್ಮಡಿ. ಗಡಿಬಿಡಿ ಚಾಟಿನಲ್ಲಿ ಬರೆದ: "ತಮ್ಮ ಥೇಟ್ ನಮ್ಮ ಹಾಗೇನೇ. ಏನು ಕೇಳಿದ್ರೂ ಅಕ್ಕನ ಕಡೆ ಕೈ ತೋರಿಸ್ತಾನೆ." ಹನ್ನೊಂದು ಜನ ನಗುವಿನ ಗುರುತು ಒತ್ತಿದರು.

ನನಗೆ ನಗು ಬರಲಿಲ್ಲ. ತಂತಿಯ ಮೇಜಿಗೆ ಹೋಗಿ, "ಏನ್ರೀ ಇದು, ಇರೋ ಹಿಂಸೆ ಸಾಲದು ಅಂತ ಯಂತ್ರ ಬೇರೆ ತಂದಿದೀರಾ?" ಎಂದು ಹಾರಾಡಿದೆ. ಅವರು ವಿಕಿಯ ಹುಡುಕುವ ಜಾಗದಲ್ಲಿ ಎರಡು ಶಬ್ದ ಟೈಪ್ ಮಾಡಿದರು. ಅಕ್ಕನನ್ನು ಕೇಳಿ. ಅರವತ್ತೆಂಟು ಪುಟಗಳು ಬಂದವು. ಯಾವ ಸಾಲನ್ನು ಯಾರು ಬರೆದರೆಂದು ವಿಕಿ ಪಕ್ಕದಲ್ಲೇ ತೋರಿಸುತ್ತದೆ. ಅರವತ್ತೆಂಟರ ಪಕ್ಕದಲ್ಲೂ ಒಂದೇ ಹೆಸರು. ನನ್ನದು.

"ಕೆಲಸ ಜಾಸ್ತಿ ಇತ್ತು," ಎಂದೆ. "ಬರೆಯೋಕೆ ಪುರಸೊತ್ತಿರಲಿಲ್ಲ. ಆಮೇಲೆ ಬರೆಯೋಣ ಅಂತ ಬಿಟ್ಟೆ. ಇದರಲ್ಲಿ ತಪ್ಪೇನಿದೆ?"

"ನಾನೇನೂ ಅನ್ನಲಿಲ್ಲವಲ್ಲ ಅಕ್ಕ," ಎಂದರು ತಂತಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಗತಿಯೂ ಅದೇ ಆಯಿತು. ಯಾಕೆಂದರೆ ಆ ಸಾಲುಗಳ ಪಕ್ಕದಲ್ಲಿ ತಾರೀಕೂ ಇತ್ತು. ಮೊದಲ ಹತ್ತಿಪ್ಪತ್ತು ಪುಟಗಳಲ್ಲಿ ಸೋಮಾರಿತನಕ್ಕೆ ಬರೆದದ್ದು ನಿಜ. ಆದರೆ ಆರು ವರ್ಷದ ಹಿಂದಿನ ಒಂದೇ ವಾರದಲ್ಲಿ ಹನ್ನೆರಡು ಪುಟಗಳಲ್ಲಿ ಬರೆದಿದ್ದೆ. ಅದು ನನ್ನ ಪಕ್ಕದ ಮೇಜಿನವಳನ್ನು ಕೆಲಸದಿಂದ ತೆಗೆದ ವಾರ. ಅವಳು ಅಚ್ಚುಕಟ್ಟಿನ ಹೆಂಗಸು, ತನಗೆ ಗೊತ್ತಿದ್ದದ್ದನ್ನೆಲ್ಲ ಬರೆದಿಟ್ಟಿದ್ದಳು. ಬರೆದಿಟ್ಟಳು, ಹೋದಳು. ನಾನು ಕೂತು ಇದ್ದಬದ್ದ ಉತ್ತರಗಳನ್ನೇ ಪುಟದಿಂದ ಅಳಿಸಿ, ಆ ಜಾಗದಲ್ಲಿ ನನ್ನನ್ನು ಕೇಳಿ ಎಂದು ಬರೆದೆ. ಭಯ ಹೋದ ಮೇಲೂ ಅಭ್ಯಾಸ ಉಳಿಯಿತು. ಇನ್ನೂ ನಿಜ ಹೇಳಬೇಕೆಂದರೆ, ಕೇಳಿಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು. ಆಳೆತ್ತರದ ಗಂಡಸರು ಕತ್ತಲೆ ಮೋಟಾರ್ ರೂಮಿನಲ್ಲಿ ನಿಂತು "ಅಕ್ಕಾ" ಎನ್ನುವಾಗ ಒಳಗೆ ಏನೋ ಒಂದು ಅರಳುತ್ತಿತ್ತು.

ಮಗಳ ಉಗುರು ನರ್ಸಿನ ಕೈಗೆ ನೆಟ್ಟಿದ್ದು ಯಾಕೆಂದು ಆ ಮೇಜಿನ ಮುಂದೆ ನಿಂತಾಗ ನನಗೆ ತಿಳಿಯಿತು. ಬಿಡಿಸಿಕೊಳ್ಳಲಾಗದ ಆ ಹಗ್ಗವನ್ನು ಹೊಸೆದವಳು ನಾನೇ.

"ನನ್ನ ಮೊಣಕಾಲು ಹೋದಾಗ ನನಗೂ ಹೀಗೇ ಭಯ ಆಗಿತ್ತು," ಎಂದರು ತಂತಿ, ಪರದೆಯಿಂದ ಕಣ್ಣು ತೆಗೆಯದೆ.

"ನಿಮ್ಮ ಮೊಣಕಾಲಿನ ಕತೆ ನನಗ್ಯಾಕೆ?" ಎಂದು ಸಿಡುಕಿ ಬಂದುಬಿಟ್ಟೆ.

ಸಂಜೆವರೆಗೆ ತಡೆದು ಮಾಲೀಕರ ಕೋಣೆಗೆ ಹೋದೆ. ನಾನೂ ಮಗಳ ಹಾಗೆಯೇ; ಕೇಳಬೇಕು ಅನಿಸಿದರೆ ಕೇಳಿಬಿಡುತ್ತೇನೆ, ಆರು ವರ್ಷ ತಡವಾದರೂ. "ಎಲ್ಲಾ ಪುಟ ತುಂಬಿಸ್ತೀನಿ. ತುಂಬಿಸಿದ ಮೇಲೆ ನಾನು ಬೇಕಾ, ಬೇಡ್ವಾ? ಈಗಲೇ ಹೇಳಿಬಿಡಿ."

ಮಾಲೀಕರು ಪೆನ್ನು ಕೆಳಗಿಟ್ಟರು. "ಅಕ್ಕ, ನಿಮಗೆ ಒಂದು ದಿನ ಗಂಟಲು ಕಟ್ಟಿದ್ರೆ ನನ್ನ ನೂರ ನಲವತ್ತೆರಡು ಲಿಫ್ಟೂ ನಿಂತುಹೋಗುತ್ತೆ ಅಂತ ನಾನು ದಿನಾ ಹೆದರಿಕೊಂಡು ಮಲಗ್ತೀನಿ. ಪುಟ ತುಂಬಿಸಿ, ಪುಣ್ಯ ಕಟ್ಕೊಳ್ಳಿ. ಹೊಸ ಮೆಕ್ಯಾನಿಕ್‌ಗಳಿಗೆ ಪಾಠ ಹೇಳೋರು ಇಲ್ಲ ಅಂತ ಎಷ್ಟು ವರ್ಷದಿಂದ ಒದ್ದಾಡ್ತಿದೀನಿ. ನಿಮ್ಮನ್ನ ಕೇಳೋಣ ಅಂದ್ರೆ ನೀವು ಫೋನಿಂದ ತಲೆ ಎತ್ತಲ್ಲ."

ಹೊರಗೆ ಬಂದು ನೀರು ಕುಡಿದೆ. ಎರಡು ಲೋಟ. ಮರುದಿನ ತಂತಿಯ ಕ್ಷಮೆ ಕೇಳಲಿಲ್ಲ; ಅರವತ್ತೆಂಟು ಪುಟಗಳ ಪಟ್ಟಿ ಮುದ್ರಿಸಿಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟು, "ಎಲ್ಲಿಂದ ಶುರು ಮಾಡೋಣ?" ಎಂದೆ. ಅವರಿಗೆ ಅಷ್ಟು ಸಾಕಾಯಿತು.

ದಿನಕ್ಕೆ ಮೂರು ನಾಲ್ಕು ಪುಟ. ಬರೆಯುವುದು ಸುಲಭ ಎಂದುಕೊಂಡಿದ್ದೆ, ತಲೆಯಲ್ಲಿ ಇದ್ದೇ ಇದೆಯಲ್ಲ. ಆರನೆಯ ಪುಟಕ್ಕೇ ಎಡವಿದೆ. ಕಣ್ಣಿನ ಆಸ್ಪತ್ರೆ ಇರುವ ಕಟ್ಟಡದ್ದು. "ಎರಡನೇ ಮಹಡಿಯ ಬಾಗಿಲನ್ನು ಹೊರಗಿನಿಂದ ತೆಗೆಯಲು ಕೀಯನ್ನು ಬಲಕ್ಕೆ ತಿರುಗಿಸಿ" ಎಂದು ಬರೆದು, ಒಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು ಗಡಿಬಿಡಿಯ ಜೊತೆ ಹೋದೆ. ಹನ್ನೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಗಡಿಬಿಡಿ ಕೀ ಹಾಕಿ ಎಡಕ್ಕೆ ತಿರುಗಿಸಿದ. ಬಾಗಿಲು ತೆರೆಯಿತು.

"ಬಲಕ್ಕೆ ಅಲ್ವೇನೋ?"

ಅವನು ತಲೆ ಕೆರೆದುಕೊಂಡ. "ಬೀಗ ಬದಲಾಯಿಸಿ ಒಂದು ವರ್ಷ ಆಯ್ತು ಅಕ್ಕ. ಆವಾಗಿಂದ ಎಡಕ್ಕೇ."

"ಮತ್ತೆ ಹೋದ ತಿಂಗಳು ಫೋನ್ ಮಾಡಿದಾಗ ಬಲಕ್ಕೆ ಅಂತ ಹೇಳಿದ್ದೆ. ಸರಿ ಅಕ್ಕ, ಬಂತು ಅಕ್ಕ ಅಂದೆ!"

"ನೀವು ಬಲಕ್ಕೆ ಅಂತೀರಿ, ನಾವು ಎಡಕ್ಕೆ ತಿರುಗಿಸ್ತೀವಿ. ನಿಮಗೆ ಬೇಜಾರಾಗಬಾರದು ಅಂತ."

"ನಾವು ಅಂದ್ರೆ?"

"ಎಲ್ಲರೂನು," ಎಂದ, ನೆಲ ನೋಡುತ್ತ.

ಕೋಪ ನೆತ್ತಿಗೇರಿತು. ಆಮೇಲೆ, ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಗಡಿಬಿಡಿ ಹೆದರಿ ನೀರು ತಂದುಕೊಟ್ಟ. ಹದಿನಾಲ್ಕು ಜನ ನನ್ನ ಮರ್ಯಾದೆ ಉಳಿಸಲು ಒಂದು ವರ್ಷ ಸುಳ್ಳು ಹೇಳಿದ್ದರು. ಎಷ್ಟು ಒಳ್ಳೆಯವರು, ಎಂಥ ಪೆದ್ದರು! ಅವರಿಗಿಂತ ದೊಡ್ಡ ಪೆದ್ದಿ ನಾನು.

ಆ ದಿನವೇ ತಂತಿ ಜೋಡಣೆಯನ್ನು ಬದಲಾಯಿಸಿದರು. ಚಾಟಿನಲ್ಲಿ ಯಾರಾದರೂ ಹೊಸ ವಿಷಯ ಬರೆದು ಅದರ ಮೇಲೆ ಪಿನ್ನಿನ ಗುರುತು ಒತ್ತಿದರೆ, ತಮ್ಮ ಅದನ್ನು ಆ ಕಟ್ಟಡದ ಪುಟಕ್ಕೆ ಸೇರಿಸುತ್ತಾನೆ, ಸೇರಿಸುವ ಮೊದಲು ಅಲ್ಲಿಗೆ ಹೋಗಿಬಂದ ಇನ್ನೊಬ್ಬರನ್ನು "ಇದು ಸರಿಯೇ?" ಎಂದು ಕೇಳುತ್ತಾನೆ. ಪುಟದಲ್ಲಿ ಉತ್ತರವೇ ಇಲ್ಲದಿದ್ದರೆ, ಆ ಕಟ್ಟಡಕ್ಕೆ ಕೊನೆಗೆ ಹೋಗಿದ್ದ ಮೆಕ್ಯಾನಿಕ್‌ಗೆ ಕರೆ ಹೋಗುತ್ತದೆ. ನನಗಲ್ಲ. ಅದನ್ನು ತಂತಿ ನನ್ನೆದುರೇ ಮಾಡಿದರು. ನನ್ನ ಹೆಸರನ್ನು ಅಳಿಸುವ ಮುಂಚೆ ಕೈ ತಡೆದು, "ಮಾಡ್ಲಾ?" ಎಂದರು. "ಮಾಡಿ" ಎಂದೆ.

ಮೆಕ್ಯಾನಿಕ್‌ಗಳು ಬರೆಯಲು ಶುರುಮಾಡಿದರು. ಸೊಟ್ಟಪಟ್ಟ, ತಪ್ಪುತಪ್ಪು, ಆದರೆ ಬರೆದರು. ಮೌನಿಯೊಬ್ಬನನ್ನು ಬಿಟ್ಟು. ಅವನು ಮೂರು ವರ್ಷದಿಂದ ಚಾಟಿನಲ್ಲಿ ಹೆಬ್ಬೆರಳಿನ ಗುರುತು ಬಿಟ್ಟು ಬೇರೇನೂ ಹಾಕಿದವನಲ್ಲ. ಕೆಲಸದಲ್ಲಿ ಎಲ್ಲರಿಗಿಂತ ಗಟ್ಟಿ; ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಯಾರೋ ಅವನಿಗೆ ಚಿಕ್ಕಂದಿನಲ್ಲೇ ಹೇಳಿರಬೇಕು.

ಹೆರಿಗೆಗೆ ಡಾಕ್ಟರು ಕೊಟ್ಟ ದಿನಕ್ಕೆ ಆರು ದಿನ ಬಾಕಿ ಇತ್ತು, ನನ್ನ ಪಟ್ಟಿಯಲ್ಲಿ ಮೂರು ಪುಟ ಬಾಕಿ ಇದ್ದವು. ಬುಧವಾರ ಬೆಳಿಗ್ಗೆ ಎಂಟೂವರೆಗೆ ಅಳಿಯನ ಫೋನು ಬಂತು. ದೊಡ್ಡ ಮೊಮ್ಮಗಳನ್ನು ನಮ್ಮನೆಯವರ ಕೈಗೆ ಒಪ್ಪಿಸಿ ಓಡಿದೆ.

ಆಸ್ಪತ್ರೆಯ ಎರಡನೆಯ ಮಹಡಿ. ಹಸಿರು ಬಣ್ಣದ ಉದ್ದನೆಯ ಹಾದಿ, ಗೋಡೆಗೆ ತಾಗಿಸಿದ ಕಬ್ಬಿಣದ ಕುರ್ಚಿಗಳು. ಬೀಗಿತ್ತಿ ಆಗಲೇ ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದರು. ಅಳಿಯ ಯಾವುದೋ ಔಷಧಿ ತರಲು ಕೆಳಗೆ ಹೋಗಿದ್ದ. ಫೋನನ್ನು ಮನೆಯಲ್ಲೇ ಬಿಟ್ಟು ಬರುವುದಾಗಿ ಮಗಳಿಗೆ ಮಾತು ಕೊಟ್ಟಿದ್ದೆ. ಬಿಟ್ಟಿರಲಿಲ್ಲ. ಸದ್ದು ಆರಿಸಿ ಕೈಚೀಲದ ತಳದಲ್ಲಿ, ಕರವಸ್ತ್ರದ ಕೆಳಗೆ ಇಟ್ಟಿದ್ದೆ. ಹನ್ನೊಂದು ವರ್ಷದ ರೋಗ ಒಂದು ತಿಂಗಳಿಗೆ ವಾಸಿಯಾಗುತ್ತದೆಯೇ?

ಹತ್ತೂಕಾಲಿಗೆ ಚೀಲ ನಡುಗಿತು. ನೋಡಬಾರದು ಎಂದುಕೊಂಡೆ. ನೋಡಿದೆ.

ಗಡಿಬಿಡಿ ಬರೆದಿದ್ದ: "ಟೈಲರ್‌ಗಳ ಬಿಲ್ಡಿಂಗ್. ಲಿಫ್ಟ್ ಮೂರು ನಾಲ್ಕರ ಮಧ್ಯೆ ನಿಂತಿದೆ. ಒಳಗೆ ವಯಸ್ಸಾದ ಅಮ್ಮ ಒಬ್ರು, ಅಳ್ತಿದಾರೆ. ಮೋಟಾರ್ ರೂಮ್ ಕೀ ಎಲ್ಲಿ?"

ಬಾಕಿ ಉಳಿದ ಮೂರು ಪುಟಗಳಲ್ಲಿ ಅದೂ ಒಂದು. ತಮ್ಮನಿಗೆ ಗೊತ್ತಿಲ್ಲ, ನನಗೆ ಗೊತ್ತು. ಕೀ ಕೆಳಗಿನ ಗುಂಡಿ ಅಂಗಡಿಯಲ್ಲಿ. ನನ್ನ ಹೆಬ್ಬೆರಳು ಪರದೆಯ ಮೇಲೆ ಹೋಯಿತು. "ಕೆಳಗಡೆ ಗುಂ" ಎಂದು ಬರೆದಿದ್ದೆ.

ಬಾಗಿಲು ತೆರೆಯಿತು. ನರ್ಸ್ ಅರ್ಧ ಹೊರಗೆ ಬಂದು, "ತಾಯಿ ಯಾರು? ಒಳಗೆ ಬನ್ನಿ, ಬೇಗ. ನಿಮ್ಮನ್ನೇ ಕರೀತಿದಾರೆ" ಎಂದಳು. ಅವಳ ಹಿಂದಿನಿಂದ ಮಗಳ ದನಿ ಕೇಳಿಸಿತು. ಮಾತಲ್ಲ. "ಅಮ್ಮಾ" ಅಷ್ಟೇ. ಮೂವತ್ತು ವರ್ಷದ ಹಿಂದೆ ಶಾಲೆಯ ಗೇಟಿನಲ್ಲಿ ನನ್ನನ್ನು ಕಾಣದೆ ಕೂಗಿದ್ದ ಅದೇ ದನಿ.

ಆ ಕ್ಷಣದಲ್ಲಿ ನಾನು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಫೋನನ್ನು ಬೀಗಿತ್ತಿಯ ಮಡಿಲಿಗೆ ಎಸೆದು ಒಳಗೆ ನುಗ್ಗಿದೆ.

ಆಮೇಲಿನ ಒಂದೂವರೆ ಗಂಟೆಯನ್ನು ವಿವರಿಸಲಾರೆ. ನನ್ನ ಬಲಗೈಯ ನಾಲ್ಕು ಬೆರಳು ಅವಳ ಮುಷ್ಟಿಯಲ್ಲಿದ್ದವು. ಮೂಳೆ ಮುರಿಯುತ್ತದೆ ಅನಿಸಿತು, ಮುರಿಯಲಿ ಅನಿಸಿತು. "ನಿನಗೇನು ಗೊತ್ತು, ಸುಮ್ನಿರು" ಎಂದು ಒಮ್ಮೆ ಬೈದಳು. "ಹೋಗಬೇಡ" ಎಂದು ಮರುಕ್ಷಣವೇ ಅಂದಳು. ನಾನು ಹೋಗಲಿಲ್ಲ. ಲಿಫ್ಟು, ಕೀ, ಒಳಗೆ ಅಳುತ್ತಿದ್ದ ಹೆಂಗಸು, ಒಂದೂ ನೆನಪಾಗಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ಹುಡುಗ ಹುಟ್ಟಿದ. ನೀಲಿ ನೀಲಿಯಾಗಿದ್ದವನು ಒಂದು ಸಲ ಕೆಮ್ಮಿ, ಕಟ್ಟಡ ಹಾರಿಹೋಗುವಂತೆ ಅತ್ತ. ನರ್ಸ್ ಅವನನ್ನು ಒರೆಸಿ ಮಗಳ ಎದೆಯ ಮೇಲಿಟ್ಟಳು. ಡಾಕ್ಟರು, ನರ್ಸು ಬಿಟ್ಟರೆ ಆ ಮುಖವನ್ನು ಮೊದಲು ನೋಡಿದವರು ನಾವಿಬ್ಬರು, ಒಟ್ಟಿಗೆ.

ಮಗಳಿಗೆ ಹೊಲಿಗೆ ಹಾಕುವಾಗ ನನ್ನನ್ನು ಐದು ನಿಮಿಷ ಹೊರಗೆ ಕಳಿಸಿದರು. ಬಾಗಿಲು ದಾಟಿದೆನೋ ಇಲ್ಲವೋ, ನೆನಪು ಬಂತು. ಟೈಲರ್‌ಗಳ ಕಟ್ಟಡ. ಆ ತಾಯಿ. ಒಂದೂವರೆ ಗಂಟೆ! ನಾಲ್ಕು ಅಕ್ಷರ ಪೂರ್ತಿ ಮಾಡಿದ್ದರೆ ಆಗುತ್ತಿತ್ತಲ್ಲ. ಗೋಡೆ ಹಿಡಿದುಕೊಂಡು ಬೀಗಿತ್ತಿಯ ಕಡೆ ನೋಡಿದೆ.

ಬೀಗಿತ್ತಿ ಎದ್ದು ನಿಂತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿ, ನನ್ನ ಫೋನು ಎರಡೂ ಕೈಯಲ್ಲಿ. "ಆಚೆ ಬಂದ್ರು ಕಣ್ರೀ!" ಎಂದರು.

"ಯಾರು?"

"ಆ ಲಿಫ್ಟಿನ ಅಮ್ಮ! ಬೆಕ್ಕೂ ಬಂತು. ಅವರ ಚೀಲದಲ್ಲಿ ಬೆಕ್ಕಿತ್ತಂತೆ, ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿದ್ರಂತೆ. ಹನ್ನೆರಡೇ ನಿಮಿಷಕ್ಕೆ ತೆಗೆದ್ರು. ಅಯ್ಯೋ, ನನಗೆ ಕೈಕಾಲೇ ಆಡಲಿಲ್ಲ, ಪ್ರತಿಯೊಂದನ್ನೂ ಓದ್ತಾ ಇದ್ದೆ. ಇವರಿಗೂ ಓದಿ ಹೇಳಿದೆ." ಸುತ್ತ ಕುಳಿತಿದ್ದ ನಾಲ್ಕೈದು ಅಪರಿಚಿತರು ತಲೆಯಾಡಿಸಿದರು. ಒಬ್ಬ ಅಜ್ಜ, "ಬೆಕ್ಕಿಗೆ ಏನೂ ಆಗಿಲ್ಲವಂತೆ" ಎಂದು ನನಗೆ ಸಮಾಧಾನ ಹೇಳಿದರು. ಅಷ್ಟಾದ ಮೇಲೆ ಬೀಗಿತ್ತಿ ತಟ್ಟನೆ ಬಾಯಿಗೆ ಕೈ ಇಟ್ಟುಕೊಂಡು, "ಅಯ್ಯೋ ನನ್ನ ಬುದ್ಧಿಗೆ! ಗಂಡೋ ಹೆಣ್ಣೋ? ಮಗು ಹೇಗಿದಾಳೆ?" ಎಂದರು. ಮಗು ಎಂದದ್ದು ನನ್ನ ಮಗಳಿಗೆ. ನಾಲ್ಕು ವರ್ಷದ ಕಹಿಯೆಲ್ಲ ಆ ಒಂದು ಶಬ್ದಕ್ಕೆ ತೊಳೆದುಹೋಯಿತು. ಅವರ ಹೆಗಲ ಮೇಲೆ ತಲೆಯಿಟ್ಟು, "ಇಬ್ಬರೂ ಚೆನ್ನಾಗಿದಾರೆ, ಹುಡುಗ" ಎಂದೆ.

ಆಮೇಲೆ ಕುಳಿತು ಚಾಟ್ ಓದಿದೆ. ಗಡಿಬಿಡಿಯ ಪ್ರಶ್ನೆಗೆ ತಮ್ಮ ಮೂರು ಸೆಕೆಂಡಿಗೆ ಹೇಳಿದ್ದ: ಈ ಪುಟದಲ್ಲಿ ಕೀ ವಿಷಯ ಇಲ್ಲ, ಇಲ್ಲಿಗೆ ಕೊನೆಗೆ ಹೋಗಿದ್ದವರನ್ನು ಕರೆಯುತ್ತಿದ್ದೇನೆ. ಕೊನೆಗೆ ಹೋಗಿದ್ದವನು ಮೌನಿ. ಮೂರು ವರ್ಷ ಹೆಬ್ಬೆರಳು ಬಿಟ್ಟು ಏನನ್ನೂ ತೋರಿಸದ ಆ ಪುಣ್ಯಾತ್ಮ ಬರೆದಿದ್ದ:

"ಗುಂಡಿ ಅಂಗಡಿ ಮುಚ್ಚಿ 2 ತಿಂಗಳು. ಕೀ ಈಗ 2ನೇ ಮಹಡಿ ಶರ್ಟ್ ಹೊಲಿಯೋರ ಹತ್ರ. ಮೊದಲು ಮೇನ್ ಸ್ವಿಚ್ ಆಫ್ ಮಾಡು. ಬ್ರೇಕ್ ಬಿಡೋ ಹ್ಯಾಂಡಲ್ ಬಾಗಿಲ ಹಿಂದೆ ತೂಗಾಕಿದೆ. ಮೂರನೇ ಮಹಡಿಗೆ ಇಳಿಸು, ಹತ್ರ. ಒಬ್ರು ಅಮ್ಮನ ಜೊತೆ ಮಾತಾಡ್ತಾ ಇರಿ."

ಗಡಿಬಿಡಿ ಒಂದು ಶಬ್ದವನ್ನೂ ಬಿಡದೆ ಓದಿರಬೇಕು, ಯಾಕೆಂದರೆ ಹಾಗೆಯೇ ಮಾಡಿದ್ದ. ಹತ್ತೂ ಇಪ್ಪತ್ತೇಳಕ್ಕೆ: "ಅಮ್ಮ ಹೊರಗೆ. ಬೆಕ್ಕು ನನ್ನ ಕೈ ಪರಚಿದೆ." ಅದರ ಕೆಳಗೆ ಬೆಕ್ಕಿನ ಚಿತ್ರ. ತಂತಿ ಮೌನಿಯ ಸಾಲುಗಳ ಮೇಲೆ ಪಿನ್ನು ಒತ್ತಿದ್ದರು, ಗಡಿಬಿಡಿ "ಸರಿ ಇದೆ" ಎಂದಿದ್ದ, ತಮ್ಮ ಅದನ್ನು ಪುಟಕ್ಕೆ ಸೇರಿಸಿದ್ದ. ಉಳಿದಿದ್ದ ಪುಟಗಳಲ್ಲಿ ಒಂದು ನನ್ನ ಕೈ ಸೋಕದೆ ತುಂಬಿತ್ತು.

ನನ್ನ "ಕೆಳಗಡೆ ಗುಂ" ಇನ್ನೂ ಹಾಗೇ ಇತ್ತು, ಕಳಿಸದೆ. ಕಳಿಸಿದ್ದರೆ ಗಡಿಬಿಡಿ ಇಲ್ಲದ ಅಂಗಡಿಯನ್ನು ಹುಡುಕಿಕೊಂಡು ಬೀದಿ ಸುತ್ತುತ್ತಿದ್ದ. ಆ ಅರ್ಧ ಮಾತನ್ನು ಅಳಿಸಿದೆ. ಹೋದ ಜೀವ ಬಂದಂತಾಯಿತು. ಇಷ್ಟು ಹಗುರವಾಗಿ ಯಾವಾಗ ಉಸಿರು ಬಿಟ್ಟಿದ್ದೆನೋ ನೆನಪಿಲ್ಲ.

ಮಗಳನ್ನು ವಾರ್ಡಿಗೆ ತಂದಿದ್ದರು. ಮಗು ಪಕ್ಕದ ತೊಟ್ಟಿಲಲ್ಲಿ, ಮುಷ್ಟಿ ಕಟ್ಟಿಕೊಂಡು ಮಲಗಿತ್ತು. ನನ್ನ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು, ಗಣಿತದವಳು.

"ಫೋನ್ ತಂದಿದ್ದೆ ಅಲ್ವಾ?"

"ತಂದಿದ್ದೆ," ಎಂದೆ.

"ಆಫೀಸಿಗೆ ಹೋಗ್ಬೇಕಾ?"

"ಬೇಡ್ವೇ ಬೇಡ. ಲಿಫ್ಟಲ್ಲಿ ಒಬ್ರು ಸಿಕ್ಕಿಕೊಂಡಿದ್ರು. ಅವರವರೇ ಸೇರ್ಕೊಂಡು ತೆಗೆದ್ರು."

"ಬೇಜಾರಾಯ್ತಾ ಅಮ್ಮ?"

ಸುಳ್ಳು ಹೇಳಬಹುದಿತ್ತು. "ಒಂಚೂರು," ಎಂದೆ.

ಅವಳು ನಕ್ಕುಬಿಟ್ಟಳು. "ಅಯ್ಯೋ, ನಗಿಸಬೇಡ, ಹೊಲಿಗೆ ಎಳೆಯುತ್ತೆ!" ಎಂದು ಹೊಟ್ಟೆ ಹಿಡಿದುಕೊಂಡು ಮತ್ತೆ ನಕ್ಕಳು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಣ್ಣೊರೆಸಿಕೊಳ್ಳಲು ಬಲಗೈ ಎತ್ತಿದರೆ ಬೆರಳುಗಳನ್ನು ಮಡಿಚಲೇ ಆಗಲಿಲ್ಲ, ಹಾಗೆ ಊದಿದ್ದವು.

ನರ್ಸ್ ಬಂದು ಕಿಟಕಿಯ ಪರದೆ ಎಳೆದಳು. "ಬಾಣಂತಿ ಈಗ ನಿದ್ದೆ ಮಾಡ್ಲಿ. ಮಗು ಎದ್ದರೆ ನೋಡ್ಕೊಳ್ಳೋಕೆ ಜೊತೇಲಿ ಯಾರಿರ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಮಗಳು, ಆಗಲೇ ಮುಚ್ಚಿದ್ದ ಕಣ್ಣನ್ನು ತೆರೆಯದೆ, "ನಮ್ಮಮ್ಮ ಇರ್ತಾಳೆ" ಎಂದಳು.